ಜಾವಳಕ್ಕೆ ಮೊದಲು ಫೋಟೊ ಇಲ್ಲ

ನನ್ನ ಕ್ಯಾಮೆರಾ ನೋಡಿದವರು ಮೊದಲು ನಗುತ್ತಾರೆ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು, ಅಷ್ಟು ಸಣ್ಣದು. ಮದುವೆ ಮನೆಗಳಲ್ಲಿ ಮೊಳದುದ್ದದ ಲೆನ್ಸು ಹಿಡಿದು ಓಡಾಡುವ ಹುಡುಗರನ್ನು ಕಂಡವರಿಗೆ ಇದು ಆಟದ ಸಾಮಾನು. ಇದಕ್ಕಿಂತ ನನ್ನ ಫೋನೇ ಚೆನ್ನಾಗಿ ಹೊಡೆಯುತ್ತದೆ ಎಂದು ಬಸ್ಸಿನಲ್ಲಿ ಪಕ್ಕದವರು ನನಗೇ ಪಾಠ ಹೇಳುತ್ತಾರೆ. ಹೊಡೆಯಲಿ, ಯಾರು ಬೇಡ ಅಂದರು? ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದ ಮೇಲೆ ನನಗೆ ಉಳಿದ ಚಟ ಇದೊಂದೇ. ಮದುವೆ ಆಗಲಿಲ್ಲ, ಮಕ್ಕಳಿಲ್ಲ, ಕೇಳುವವರಿಲ್ಲ. ಒಂದು ಕೈಚೀಲ, ಒಂದು ನೀರಿನ ಬಾಟಲಿ, ಈ ಕ್ಯಾಮೆರಾ, ಇಷ್ಟು ಹಿಡಿದು ಸರ್ಕಾರಿ ಬಸ್ಸು ಹತ್ತಿದರೆ ಎಲ್ಲಿ ಬೇಕೋ ಅಲ್ಲಿ ಇಳಿಯಬಹುದು.

ಸಣ್ಣ ಕ್ಯಾಮೆರಾಕ್ಕೆ ಒಂದು ಗುಣವಿದೆ. ಯಾರೂ ಹೆದರುವುದಿಲ್ಲ. ದೊಡ್ಡದನ್ನು ಎತ್ತಿದರೆ ಪೇಪರಿನವರು ಬಂದರು ಎಂದು ಗಂಡಸರು ಅಂಗಿ ಸರಿಮಾಡಿಕೊಂಡು ಮುಂದೆ ಬರುತ್ತಾರೆ, ಹೆಂಗಸರು ಒಳಗೆ ಹೋಗುತ್ತಾರೆ. ನನ್ನದನ್ನು ಕಂಡರೆ ಅಡುಗೆಮನೆಗೇ ಕರೆಯುತ್ತಾರೆ. ಇದರ ಶತ್ರುಗಳು ಎರಡೇ, ನಮ್ಮ ಕಡೆಯ ಬಿಸಿಲು ಮತ್ತು ನಮ್ಮ ಕಡೆಯ ಧೂಳು. ಎರೆಮಣ್ಣಿನ ಸಣ್ಣ ಪುಡಿ ಲೆನ್ಸಿನ ಸಂದಿಗೆ ಹೋದರೆ ಲೆನ್ಸು ಅರ್ಧ ಹೊರಬಂದು ಅಲ್ಲೇ ನಿಲ್ಲುತ್ತದೆ. ಬೇಸಿಗೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಇಟ್ಟರೆ ಮುಟ್ಟಲಾರದಷ್ಟು ಕಾಯುತ್ತದೆ. ಅದಕ್ಕೇ ಹಳೆಯ ಕಾಟನ್ ಸೀರೆಯ ತುಂಡಿನಲ್ಲಿ ಸುತ್ತಿ ರೊಟ್ಟಿ ಡಬ್ಬಿಯಲ್ಲಿ ಇಡುತ್ತೇನೆ. ಮಳೆಗಾಲದಲ್ಲಿ ಅದೇ ಡಬ್ಬಿಗೆ, ತೇವ ಹೀರಲಿ ಎಂದು, ಒಂದು ಹಿಡಿ ಅಕ್ಕಿ. ಮಧ್ಯಾಹ್ನ ಫೋಟೊ ತೆಗೆಯುವುದಿಲ್ಲ. ನೆತ್ತಿಯ ಬಿಸಿಲಿಗೆ ಎಲ್ಲರೂ ಕಣ್ಣು ಗುಳಿ ಬಿದ್ದು ಹೆಣದ ಹಾಗೆ ಕಾಣುತ್ತಾರೆ. ಈ ಮಾತನ್ನು ಮೊದಲು ನಗುತ್ತ ಹೇಳುತ್ತಿದ್ದೆ, ಈಗ ಹೇಳುವುದಿಲ್ಲ.

ಆ ವರ್ಷ ಶಿವರಾತ್ರಿ ಮುಗಿದ ವಾರ ಆಳಂದದಲ್ಲಿದ್ದೆ. ಬೆಳಿಗ್ಗೆ ತೊಗರಿ ಚೀಲ ಇಳಿಸುವ ಹಮಾಲರ ಫೋಟೊ ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದು ಕೂತೆ. ಪಕ್ಕದ ಕಲ್ಲುಬೆಂಚಿನ ಮೇಲೆ ಒಬ್ಬ ಹುಡುಗಿ ಸೆರಗಿನಲ್ಲಿ ಕೂಸು ಮುಚ್ಚಿಕೊಂಡು ಕೂತಿದ್ದಳು. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು. ಬಾಣಂತನ ಮುಗಿಸಿ ತವರಿನಿಂದ ಗಂಡನ ಮನೆಗೆ ಹೊರಟಿದ್ದಳು. ಕರೆದುಕೊಂಡು ಹೋಗಲು ಅತ್ತೆ ಬಂದಿದ್ದಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳೇ, ಹಣೆತುಂಬ ವಿಭೂತಿ, ಸೆಟೆದು ಕೂರುವ ಹೆಂಗಸು. ಅತ್ತೆ ನೀರು ತರಲು ಹೋದದ್ದೇ ತಡ, ಹುಡುಗಿ ನನ್ನ ಕಡೆ ಸರಿದು, ಇದರಲ್ಲಿ ತೆಗೆದದ್ದು ಅಚ್ಚು ಹಾಕಿಸಿ ಗೋಡೆಗೆ ಹಾಕಬಹುದೇ ಎಂದು ಕೇಳಿದಳು. ಧಾರಾಳವಾಗಿ ಎಂದೆ. ಅತ್ತೆ ತಿರುಗಿ ಬರುವುದನ್ನು ಕಂಡು ಸುಮ್ಮನಾದಳು.

ಅವರೂರು ನೆಲೋಗಿ. ಕಲಬುರ್ಗಿಯಲ್ಲಿ ಬಸ್ಸು ಬದಲಿಸಿ ಜೇವರ್ಗಿ ದಾಟಿ ಹೋಗಬೇಕು. ನಾನೂ ಜೇವರ್ಗಿಗೇ ಹೊರಟಿದ್ದೆ. ದಾರಿಯುದ್ದಕ್ಕೂ ಮಾತು. ಅತ್ತೆ ಒಳ್ಳೆಯ ಮಾತುಗಾರ್ತಿ, ಚೇಷ್ಟೆಯೂ ಇತ್ತು. ಒಬ್ಬಳೇ ಹಿಂಗ ತಿರುಗಾಕತ್ತೀರಿ, ನಿಮ್ಮನ್ನ ಕಟ್ಟಿಕೊಳ್ಳದವ ಪುಣ್ಯವಂತ ಎಂದು ನಕ್ಕಳು. ನನಗೆ ಸಿಟ್ಟು ಬರಲಿಲ್ಲ. ಮನೆಗೆ ಬಂದು ಎರಡು ರೊಟ್ಟಿ ತಿಂದು ಹೋಗಿರೆಂದು ಆಕೆಯೇ ಹಟ ಹಿಡಿದು ಕರೆದಳು.

ಊಟವಾದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ, ಹುಡುಗಿ ಬೇರೆ ಸೀರೆ ಉಟ್ಟು, ಕೂಸಿಗೆ ಹೊಸ ಅಂಗಿ ತೊಡಿಸಿಕೊಂಡು ಪಡಸಾಲೆಗೆ ಬಂದಳು. ಗೋಡೆಗೆ ಒರಗಿ ಕೂತು ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡಳು. ಬಾಗಿಲಿನಿಂದ ಬರುವ ಬೆಳಕು ಇಬ್ಬರ ಮುಖಕ್ಕೂ ಬೀಳುತ್ತಿತ್ತು. ಅದಕ್ಕಿಂತ ಒಳ್ಳೆಯ ಬೆಳಕನ್ನು ನಾನು ಕೇಳಿ ಪಡೆಯಲಾರೆ. ಕ್ಯಾಮೆರಾ ಎತ್ತಿದೆ. ಅಡುಗೆಮನೆಯಿಂದ ಅತ್ತೆ ಬಂದು ನಡುವೆ ನಿಂತಳು.

"ಜಾವಳ ಆಗೂತನಾ ಕೂಸಿನ ಫೋಟೊ ಬ್ಯಾಡ್ರಿ ಅಕ್ಕೋರ."

ಜಾವಳ ಎಂದರೆ ಕೂಸಿನ ಮೊದಲ ಕೂದಲು ತೆಗೆಸುವುದು. ಆ ಮನೆಯಲ್ಲಿ ಅದು ಆಗುವುದು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಫೋಟೊ ತೆಗೆದರೆ ಕೂಸಿಗೆ ದೃಷ್ಟಿಯಾಗುತ್ತದೆ, ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಕೆಲವು ಮನೆಗಳಲ್ಲಿ ಇದನ್ನು ಬಾಯಲ್ಲಿ ಹೇಳಿ ಬಿಟ್ಟುಬಿಡುತ್ತಾರೆ, ಇಲ್ಲಿ ಹಾಗಲ್ಲ. ಹುಡುಗಿಯ ಗಂಡ ತವರುಮನೆಗೆ ಹೋದಾಗ ಫೋನಿನಲ್ಲಿ ತಾಯಿ ಮಗಳ ಒಂದೆರಡು ಫೋಟೊ ತೆಗೆದಿದ್ದನಂತೆ. ಅವನ ತಾಯಿ ಮುಂದೆ ನಿಂತು ಎಲ್ಲ ಅಳಿಸಿ ಹಾಕಿಸಿದ್ದಳು. ತವರಿನವರೂ ಅದಕ್ಕೆ ಹೌದೆಂದಿದ್ದರು.

ನಾನು ಬಿಡುವವಳಲ್ಲ. ಆಸ್ಪತ್ರೆಯವರು, ಅಂಗನವಾಡಿಯವರು ಫೋಟೊ ತೆಗೆದ ಕೂಸುಗಳೆಲ್ಲ ಸತ್ತಿವೆಯೇನು ಎಂದು ಕೇಳಿದೆ. ಬಾಯಿಗೆ ಬಂದದ್ದು ಆಡಬೇಡಿರೆಂದು ಆಕೆ ಸಣ್ಣ ದನಿಯಲ್ಲೇ ಹೇಳಿದಳು. ಮಾತಿಗೆ ಮಾತು ಬೆಳೆಯಿತು. ಉಂಡ ಮನೆಯಲ್ಲಿ ಜಗಳ ಮಾಡಿದ್ದು ಅದೇ ಮೊದಲಲ್ಲ, ನನ್ನ ನಾಲಿಗೆ ಹಾಗೆಯೇ. ಆಕೆ ಕೊನೆಗೆ ನನ್ನೊಂದಿಗೆ ಮಾತು ನಿಲ್ಲಿಸಿ, ಬಾಗಿ ಸೊಸೆಯ ತೊಡೆಯ ಮೇಲಿನ ಕೂಸನ್ನು ಎತ್ತಿಕೊಂಡು ನನ್ನ ಬಲಗಡೆ ಬಂದು ನಿಂತಳು. ಹುಡುಗಿಯ ಕೈಗಳು ಕೂಸು ಇದ್ದ ಜಾಗದಲ್ಲೇ ಉಳಿದವು. ಅಳಲಿಲ್ಲ. ನನ್ನದಷ್ಟೇ ತೆಗೆಯಿರಿ ಎಂದಳು.

ತೆಗೆದೆ. ಇಂಥ ಕ್ಯಾಮೆರಾವನ್ನು ಕಣ್ಣಿಗೆ ಹಚ್ಚುವುದಿಲ್ಲ, ಕೈಚಾಚಿ ಹಿಡಿದು ಹಿಂದಿನ ಪರದೆ ನೋಡುತ್ತೇವೆ. ಎದುರಿಗಿದ್ದವರಿಗೆ ಎಲ್ಲಿ ನೋಡಬೇಕೆಂದು ಗೊತ್ತಾಗುವುದಿಲ್ಲ, ತಮಗೆ ಯಾರು ಮುಖ್ಯವೋ ಅವರನ್ನು ನೋಡಿಬಿಡುತ್ತಾರೆ. ಹುಡುಗಿ ಲೆನ್ಸು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಪಕ್ಕದಲ್ಲಿ ಕೂಸು ಎತ್ತಿಕೊಂಡು ನಿಂತಿದ್ದ ಅತ್ತೆಯನ್ನು ನೋಡಿದಳು. ನಾನು ನನ್ನ ನಂಬರು ಕೊಟ್ಟು, ಜಾವಳಕ್ಕೆ ಕರೆಯಿರಿ, ಆಗಲೇ ತೆಗೆಯೋಣ ಎಂದು ಹೊರಟೆ. ಅತ್ತೆ ಹೂಂ ಎಂದಳು.

ಬೇಸಿಗೆ ಏರಿದ ಮೇಲೆ ಅಫಜಲಪುರದ ಕಡೆ ಹೋದೆ. ನೀರು ಬತ್ತಿದ ಭೀಮೆಯ ಫೋಟೊ ತೆಗೆಯುವ ಹುಚ್ಚು. ಹೊಳೆ ಅಲ್ಲಲ್ಲಿ ಮಡುವಾಗಿ ನಿಂತಿರುತ್ತದೆ, ಎಮ್ಮೆಗಳು ಕೊಂಬಷ್ಟೇ ಕಾಣುವಂತೆ ಮುಳುಗಿರುತ್ತವೆ. ಬೆಳಿಗ್ಗೆ ಹೊಳೆಯಿಂದ ತಿರುಗಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿ ಸುಸಲಾ ತಿನ್ನುತ್ತಿದ್ದಾಗ ಫೋನು ಬಂತು. ಗಂಡಸಿನ ದನಿ. ನೆಲೋಗಿಯಿಂದ ಎಂದ, ಆ ಹುಡುಗಿಯ ಗಂಡ. ಹೆಂಡತಿ ಹೋಗಿಬಿಟ್ಟಳು ಎಂದ. ಜ್ವರ ಬಂದು ಕಾಮಾಲೆಗೆ ತಿರುಗಿತ್ತಂತೆ. ಮೊದಲು ನಾಟಿ ಔಷಧ, ಆಮೇಲೆ ಜೇವರ್ಗಿ, ಆಮೇಲೆ ಕಲಬುರ್ಗಿ. ಬೆಳಗಿನ ಜಾವ ಮನೆಗೆ ತಂದಿದ್ದರು. ಆತ ಫೋನು ತಾಯಿಯ ಕೈಗೆ ಕೊಟ್ಟ.

"ಅಕ್ಕೋರ, ನಿಮ್ಮ ಕ್ಯಾಮೆರಾ ತಗೊಂಡು ಬರ್ರಿ. ನೀವು ಬರೂತನಾ ಎತ್ತಂಗಿಲ್ಲ."

ಬಸ್ಸಿನಲ್ಲಿ ಇಡೀ ದಾರಿ ಆಕೆಯನ್ನು ಬೈದೆ, ಮನಸ್ಸಿನಲ್ಲೇ. ಕೆಟ್ಟ ಮೇಲೆ ಬುದ್ಧಿ ಬಂತೇನು? ಕೂಸಿನ ಆಯುಷ್ಯ ಕಾಯುತ್ತಿದ್ದೆಯಲ್ಲ, ತಾಯಿಯ ಆಯುಷ್ಯ ಯಾರು ಕಾಯಬೇಕಿತ್ತು? ಕಿಟಕಿಯಿಂದ ಬೆಂಕಿಯಂಥ ಗಾಳಿ ಬರುತ್ತಿತ್ತು. ರೊಟ್ಟಿ ಡಬ್ಬಿ ತೊಡೆಯ ಮೇಲಿತ್ತು. ಹೋಗದೆ ಇದ್ದುಬಿಡಲೇ ಎಂದು ಒಮ್ಮೆ ಅನ್ನಿಸಿತು, ಜೇವರ್ಗಿಯಲ್ಲಿ ಇಳಿದು ನಿಂತೆ ಕೂಡ. ಆದರೆ ನೆಲೋಗಿಯ ಬಸ್ಸು ಎದುರಿಗೇ ಬಂದು ನಿಂತಿತು.

ಓಣಿಯ ತುಂಬ ಜನ. ಪಡಸಾಲೆಯಲ್ಲಿ ಭಜನೆಯವರು. ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ, ಮಣ್ಣು ಮಾಡುವುದೂ ಕೂಡಿಸಿಯೇ. ಹುಡುಗಿಯನ್ನು ಅದೇ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಿಂದೆ ಹಲಗೆ ಕೊಟ್ಟು, ಬೀಳದಂತೆ ಎದೆಗೆ ಬಟ್ಟೆ ಬಿಗಿದು, ಗದ್ದದ ಕೆಳಗಿನಿಂದ ತಲೆಗೆ ಬಿಳಿ ಪಟ್ಟಿ ಕಟ್ಟಿದ್ದರು. ಹಣೆಗೆ ವಿಭೂತಿ, ಕುಂಕುಮ, ಕೈತುಂಬ ಹಸಿರು ಬಳೆ, ಕೊರಳಿಗೆ ಹೂವಿನ ಹಾರ. ಕಾಮಾಲೆಯ ಹಳದಿ ಅರಿಶಿನದಲ್ಲಿ ಬೆರೆತುಹೋಗಿತ್ತು. ಆಳಂದದಿಂದ ಬಂದ ತವರಿನ ತಾಯಿ ಪಾದ ಹಿಡಿದುಕೊಂಡು ಕೂತಿದ್ದಳು, ಅಳುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ.

ಅತ್ತೆ ನನ್ನನ್ನು ಕಂಡವಳೇ ಎದ್ದು ಭಜನೆ ನಿಲ್ಲಿಸಿದಳು. ಒಳಗೆ ಹೋಗಿ ಕೂಸನ್ನು ಎತ್ತಿಕೊಂಡು ಬಂದಳು. ಏನು ಮಾಡುತ್ತಾಳೆಂದು ನನಗೆ ಆಗ ತಿಳಿಯಿತು. ಉಳಿದವರಿಗೂ ತಿಳಿಯಿತು. ಹಿರಿಯರೊಬ್ಬರು ಎದ್ದು, ಎಳೆಗೂಸನ್ನು ಹೆಣಕ್ಕೆ ಮುಟ್ಟಿಸಬಾರದು ಎಂದರು. ಹೆಂಗಸರು ಗುಸುಗುಸು ಶುರುಮಾಡಿದರು. ಮಗ ತಾಯಿಯ ಮೊಳಕೈ ಹಿಡಿದ. ಆಕೆ ಕೊಸರಿಕೊಂಡಳು.

"ಆಕಿ ಕೇಳಿದ್ಲು, ನಾ ಕೊಡಲಿಲ್ಲ" ಎಂದಳು ನನ್ನ ಕಡೆ ತಿರುಗಿ. "ಈ ಕೂಸು ನಾಳೆ ನಮ್ಮವ್ವ ಎಲ್ಲಿ ಅಂತ ಕೇಳ್ತದ. ಏನ್ ತೋರಸ್ಲಿ? ತಗೀರಿ."

ಸೊಸೆಯ ತೊಡೆಯ ಮೇಲೆ ಕೂಸನ್ನು ಕೂಡಿಸಿದಳು. ಸೆಟೆದ ಕೈಗಳನ್ನು ಬಗ್ಗಿಸಿ ಕೂಸಿನ ಸುತ್ತ ತರಲು ನೋಡಿದಳು, ಆಗಲಿಲ್ಲ. ಸೆರಗು ಎಳೆದು ಕೂಸಿನ ನಡುವಿಗೆ ಸುತ್ತಿ, ತಾನು ಬಗ್ಗಿ ಹಿಂದಿನಿಂದ ಕೈಯಾಸರೆ ಕೊಟ್ಟಳು, ತಾನು ಕಾಣಿಸದಂತೆ. ಕೂಸು ಬಳೆಗಳನ್ನು ಹಿಡಿದು ಆಡತೊಡಗಿತು. ಬಳೆಯ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ.

ನಾನು ಕೈಚಾಚಿ ಹಿಡಿದೆ. ಕ್ಯಾಮೆರಾ ಕೂಸಿನ ಮುಖ ಹುಡುಕಿ ಹಳದಿ ಚೌಕ ಹಾಕಿತು. ಆಮೇಲೆ ತಾಯಿಯ ಮುಖಕ್ಕೂ ಹಾಕಿತು. ಅದಕ್ಕೇನು ಗೊತ್ತು, ಎರಡು ಕಣ್ಣು ಒಂದು ಮೂಗು ಕಂಡರೆ ಮುಖ. ಗುಂಡಿ ಒತ್ತಿದೆ. ಒತ್ತಿದ ಕೂಡಲೇ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಎಷ್ಟೋ ಮದುವೆ, ಮುಂಜಿಗಳಲ್ಲಿ ಆ ಸಾಲು ನೋಡಿ ನಕ್ಕಿದ್ದೇನೆ. ಅತ್ತೆ ಕೂಸನ್ನು ಎತ್ತಿಕೊಂಡು ಬಂದು ಪರದೆ ನೋಡಿದಳು. ಫೋಟೊ ಕಾಣದೆ ಅಕ್ಷರ ಕಂಡದ್ದರಿಂದ ಅದು ಏನು ಹೇಳುತ್ತಿದೆ ಎಂದು ಕೇಳಿದಳು.

ಏನಿಲ್ಲ ಎನ್ನಬಹುದಿತ್ತು. ನನಗೆ ಇನ್ನೂ ಸಿಟ್ಟಿತ್ತು, ಅಥವಾ ಸುಳ್ಳು ಹೇಳುವಷ್ಟೂ ತ್ರಾಣವಿರಲಿಲ್ಲ. ಯಾರೋ ಕಣ್ಣು ಮುಚ್ಚಿದ್ದಾರೆ ಅನ್ನುತ್ತದೆ ಎಂದೆ.

ಆಕೆ ಪರದೆಯನ್ನೇ ನೋಡುತ್ತ ನಿಂತಳು. ಆಮೇಲೆ ಹಿಂದೆ ಹೋಗಿ ಕೂಸನ್ನು ಮತ್ತೆ ಅದೇ ತೊಡೆಯ ಮೇಲೆ ಕೂಡಿಸಿದಳು.

"ಹಂಗಾದ್ರ ಇನ್ನೊಮ್ಮೆ ತಗೀರಿ."

ತೆಗೆದೆ. ಮತ್ತೆ ಅದೇ ಸಾಲು ಬಂತು. ಮೂರನೆಯ ಸಲಕ್ಕೆ ಮಗ ಬಂದು ಕೂಸನ್ನು ಎತ್ತಿಕೊಂಡು ಒಳಗೆ ಹೋದ. ಭಜನೆ ಶುರುವಾಯಿತು. ಸಂಜೆ ಹೊಲದಲ್ಲಿ ಮಣ್ಣು ಮಾಡಿದರು.

ಐದನೆಯ ದಿನದ ಕಾರ್ಯ ಮುಗಿದ ಮೇಲೆ ಅತ್ತೆ ಜೇವರ್ಗಿಯ ಸ್ಟುಡಿಯೊಕ್ಕೆ ಹೋಗೋಣವೆಂದು ನನ್ನನ್ನು ಕರೆಸಿದಳು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದರೂ ನಾನು ಮಾತಾಡಲಿಲ್ಲ. ಆಕೆಯೇ ಮಾತು ತೆಗೆದಳು, ಮುಂದಿನ ಸೀಟಿನ ಕಬ್ಬಿಣ ನೋಡುತ್ತ. ತನಗೆ ಈ ಮಗನಿಗಿಂತ ಮೊದಲು ಒಂದು ಹೆಣ್ಣಾಗಿತ್ತಂತೆ. ಐದು ತಿಂಗಳ ಕೂಸನ್ನು ಗಂಡ ಹಟಮಾಡಿ ಜೇವರ್ಗಿಗೆ ಒಯ್ದು ಫೋಟೊ ತೆಗೆಸಿದ್ದನಂತೆ. ಅಚ್ಚಾಗಿ ಫೋಟೊ ಮನೆಗೆ ಬರುವಷ್ಟರಲ್ಲಿ ಕೂಸು ವಾಂತಿಭೇದಿಯಾಗಿ ಹೋಗಿತ್ತು. ಆ ಫೋಟೊ ಏನಾಯಿತೆಂದು ಕೇಳಿದೆ. ಒಲೆಗೆ ಹಾಕಿದೆ ಎಂದಳು. ಆ ಕೂಸಿನ ಮುಖ ಈಗ ನೆನಪಿಲ್ಲ ಎಂದೂ ಹೇಳಿದಳು. ನನ್ನ ಸಿಟ್ಟು ಅಲ್ಲಿಗೆ ಇಳಿದುಹೋಯಿತು, ಆ ಜಾಗಕ್ಕೆ ಅದಕ್ಕಿಂತ ಕೆಟ್ಟದ್ದು ಬಂದು ಕೂತಿತು.

ಸ್ಟುಡಿಯೊದವನಿಗೆ ಇದು ದಿನದ ಕೆಲಸ. ಕಾರ್ಡು ಹಾಕಿ ಕಂಪ್ಯೂಟರಿನಲ್ಲಿ ಫೋಟೊ ತೆರೆದು, ಚೌಕಟ್ಟು ಕಪ್ಪೋ ಬಂಗಾರದ ಬಣ್ಣವೋ ಎಂದು ಕೇಳುವ ದನಿಯಲ್ಲೇ, ಕಣ್ಣು ತೆರೆಸೋಣವೇ ಎಂದು ಕೇಳಿದ. ಈ ಕಡೆ ಬಹಳ ಮನೆಗಳ ಗೋಡೆಯ ಮೇಲೆ ಇರುವವರು ಹೀಗೆ ಸತ್ತ ಮೇಲೆ ಕಣ್ಣು ತೆರೆದವರು. ಗದ್ದದ ಪಟ್ಟಿ ಅಳಿಸಿದ, ಹಾರ ಅಳಿಸಿದ. ಗೋಡೆ ತೆಗೆದು ಹಿಂದೆ ಹಿಮದ ಬೆಟ್ಟ ಇಡಲೇ, ಜಲಪಾತ ಇಡಲೇ ಎಂದಾಗ ನನಗೆ ತಲೆ ಕೆಟ್ಟಿತು. ಆ ಗೋಡೆಗೆ ಕೈಹಚ್ಚಿದರೆ ನೋಡು ಎಂದು ಗದರಿದೆ. ಪಾಪ, ಆತ ಗೋಡೆ ಬಿಟ್ಟ. ಕಣ್ಣಿಗೆ ಮಾತ್ರ ಬೇರೆ ಫೋಟೊ ಬೇಕು, ಕಣ್ಣು ಬಿಟ್ಟದ್ದು, ದೊಡ್ಡದಾಗಿ ಇರುವಂಥದ್ದು ಎಂದ. ಲಗ್ನದ ಆಲ್ಬಮಿನಲ್ಲಿ ಹುಡುಗಿ ಎಲ್ಲ ಫೋಟೊಗಳಲ್ಲೂ ತಲೆ ತಗ್ಗಿಸಿದ್ದಳು. ಗಂಡನ ಫೋನಿನಲ್ಲಿ ಉಳಿದಿದ್ದ ಅವಳೊಬ್ಬಳ ಫೋಟೊಗಳು ಸಣ್ಣವು, ಹಿಗ್ಗಿಸಿದರೆ ಒಡೆಯುತ್ತಿದ್ದವು. ಉಳಿದದ್ದು ನನ್ನ ಕಾರ್ಡಿನಲ್ಲಿದ್ದ ಒಂದೇ, ಕೂಸನ್ನು ಕಿತ್ತುಕೊಂಡ ಮೇಲೆ ತೆಗೆದದ್ದು. ಅದೇ ಗೋಡೆ, ಅದೇ ಬಾಗಿಲಿನ ಬೆಳಕು. ಇದು ಚಲೋ ಕೂಡ್ರತದ ನೋಡ್ರಿ ಎಂದ ಸ್ಟುಡಿಯೊದವ, ಖುಷಿಯಿಂದ.

ಕೂಡಿತು ಕೂಡ. ಮೌಸ್ ಆಡಿಸುತ್ತ ಒಂದು ಕಣ್ಣು ಹಚ್ಚಿದ, ಎರಡನೆಯದು ಹಚ್ಚಿದ, ಅಂಚು ಒರೆಸಿದ. ಪರದೆಯ ಮೇಲೆ ಹುಡುಗಿ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಕಣ್ಣು ಬಿಟ್ಟಳು. ನೇರ ನೋಡುತ್ತಿರಲಿಲ್ಲ, ಸ್ವಲ್ಪ ಪಕ್ಕಕ್ಕೆ ನೋಡುತ್ತಿದ್ದಳು. ಆ ಕಣ್ಣಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು. ಅತ್ತೆಯ ಮುಖ ನೋಡಿದೆ. ಅವಳಿಗೂ ಗೊತ್ತಾಗಿತ್ತು. ಬಾಯಿಗೆ ಸೆರಗು ಹಿಡಿದು ಕುರ್ಚಿಯ ಮೇಲೆ ಕೂತುಬಿಟ್ಟಳು.

ಬೇಡವಾದರೆ ಕಣ್ಣು ಮುಚ್ಚಿದ್ದನ್ನೇ ಹಾಕಿಸೋಣ ಎಂದು ನಾನೇ ಹೇಳಿದೆ. ಆ ಹೆಂಗಸಿನ ಮೇಲೆ ನನಗೆ ಮರುಕ ಬಂದದ್ದು ಆಗಲೇ. ದಿನ ಬೆಳಗಾದರೆ ಆ ಕಣ್ಣಿನ ಎದುರು ಕಸ ಹೊಡೆಯಬೇಕು, ರೊಟ್ಟಿ ಬಡಿಯಬೇಕು, ಉಣ್ಣಬೇಕು.

"ಇರ್ಲಿ ಬಿಡ್ರಿ" ಎಂದಳು. "ಕೂಸಿಗೆ ಕಣ್ಣಿರೂ ಅವ್ವ ಬೇಕು."

ಆಮೇಲೆ ನಾನು ಆ ಕಡೆ ಹೋಗುವುದನ್ನೇ ಬಿಟ್ಟೆ. ವಯಸ್ಸು, ಮಂಡಿನೋವು ಎಂದು ಕೇಳಿದವರಿಗೆ ಹೇಳುತ್ತಿದ್ದೆ. ನಿಜವೆಂದರೆ ಕ್ಯಾಮೆರಾ ಹೊರಗೆ ತೆಗೆದರೆ ಆ ಸಾಲು ಎಲ್ಲಿ ಬರುತ್ತದೋ ಎಂದು ಭಯ. ಆ ಸಾಲು ಬರದಂತೆ ಮಾಡುವುದು ಕ್ಯಾಮೆರಾದೊಳಗೆ ಎಲ್ಲೋ ಇದೆಯಂತೆ. ನಾನು ಹುಡುಕಲಿಲ್ಲ.

ನಾಲ್ಕೈದು ವರ್ಷ ಬಿಟ್ಟು, ಕಳೆದ ಚಳಿಗಾಲದಲ್ಲಿ ನೆಲೋಗಿಗೆ ಹೋದೆ. ತೊಗರಿ ರಾಶಿಯ ದಿನಗಳು. ಕೂಸು ಈಗ ಕೂಸಲ್ಲ, ಎರಡು ಜಡೆ ಹಾಕಿಕೊಂಡು ಮನೆ ತುಂಬ ಓಡಾಡುವ ಹುಡುಗಿ. ಫೋಟೊ ಪಡಸಾಲೆಯ ಅದೇ ಗೋಡೆಯ ಮೇಲಿತ್ತು. ಅತ್ತೆ ಅದರ ಎದುರಿಗೆ ಸ್ವಲ್ಪ ಪಕ್ಕಕ್ಕೆ ಸರಿದು ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಚಿತ್ರದ ಕಣ್ಣು ನೋಡುವ ಜಾಗವೂ ಅದೇ. ಬೇರೆ ಕಡೆ ಕೂರಬಾರದೇ ಎಂದು ಕೇಳಬೇಕೆಂದುಕೊಂಡು ಸುಮ್ಮನಾದೆ. ಆಕೆ ತುಂಬ ಇಳಿದಿದ್ದಳು, ಆದರೆ ಚೇಷ್ಟೆ ಹೋಗಿರಲಿಲ್ಲ. ಇನ್ನೂ ಸತ್ತಿಲ್ಲೇನ್ರಿ ಅಕ್ಕೋರ ಎಂದು ನಕ್ಕು ಚಹಾ ಮಾಡಿಸಿದಳು.

ನಾನು ಫೋಟೊ ನೋಡುತ್ತಿದ್ದುದನ್ನು ಕಂಡ ಮೊಮ್ಮಗಳು ಪಕ್ಕಕ್ಕೆ ಬಂದು, ಇದು ನಮ್ಮವ್ವ, ಇದು ನಾನು ಎಂದು ಬೆರಳಿಟ್ಟು ತೋರಿಸಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು. ಆ ಪ್ರಶ್ನೆಯನ್ನು ಮೊದಲ ಸಲ ಕೇಳುತ್ತಿದ್ದಳೋ, ದಿನವೂ ಕೇಳುತ್ತಿದ್ದಳೋ ನನಗೆ ಗೊತ್ತಿಲ್ಲ.

"ಅಜ್ಜೀ, ನಮ್ಮವ್ವ ಯಾರ ಮ್ಯಾಲ ಸಿಟ್ಟಾಗ್ಯಾಳ?"

"ನನ್ನ ಮ್ಯಾಲ" ಎಂದಳು ಅಜ್ಜಿ, ಬೇಳೆಯಿಂದ ಕೈ ತೆಗೆಯದೆ.

"ಯಾಕ?"

"ನಿನ್ನ ಜೋಡಿ ಫೋಟೊ ತಗಸ್ಕೋತೇನಿ ಅಂದ್ಲು. ನಾ ಬ್ಯಾಡಂದೆ."

ಹುಡುಗಿ ಮತ್ತೊಮ್ಮೆ ಗೋಡೆ ನೋಡಿದಳು. ಅಜ್ಜಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂಬಂತೆ ಅವಳಿಗೆ ನಗು ಬಂತು.

"ತಗಸ್ಕೊಂಡಾಳಲ್ಲ!"

ಮೊರ ನಿಂತಿತು. ಅಜ್ಜಿ ಒಂದು ಹರಳು ಆರಿಸಿ ಪಕ್ಕಕ್ಕೆ ಹಾಕಿದಳು.

"ಹೌದವ್ವಾ, ತಗಸ್ಕೊಂಡಾಳ" ಎಂದಳು. "ಆದ್ರ ಆಕಿ ಅದನ್ನ ನೋಡಿಲ್ಲ."